ಯಾರೂ ಎರಡನೇ ಸಲ ಕೇಳದ ಆಲ್ಬಮ್

ಬ್ರೇಕಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುವುದು ತಪ್ಪು. ಮೂಗಿನ ತುದಿಯಲ್ಲಿದ್ದಿದ್ದರೆ ಒಂದು ಸಲ ಜೋರಾಗಿ ಸೀನಿದಾಗಲಾದರೂ ಉದುರಿಹೋಗಬೇಕಿತ್ತು. ಅವಳದು ಹೊಟ್ಟೆಯೊಳಗಿನ ಕೋಪ. ಬೆಳಗ್ಗೆ ಅವಳ ಜೊತೆಗೇ ಏಳುತ್ತದೆ, ಅವಳ ಜೊತೆಗೇ ಮಲಗುತ್ತದೆ.

ಅವಳು ಕಾರು ಓಡಿಸುವುದನ್ನು ಕಲಿಸುವವಳು. ವಯಸ್ಸು ಅರವತ್ತು ದಾಟಿದ್ದರೂ ಊರಿನ ಅರ್ಧ ಜನ ಇಂದಿಗೂ ಅವಳನ್ನು ಕಂಡರೆ ತಾವಾಗಿಯೇ ಕಾರು ನಿಧಾನಿಸುತ್ತಾರೆ. ಕಲಿಸುವ ಕಾರಿನಲ್ಲಿ ಪಕ್ಕದವರ ಕಾಲ ಬಳಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳು ತುಳಿಯುವ ರೀತಿಗೆ ಹೆದರಿ ಯಾರೋ ಇಟ್ಟ ಹೆಸರು ಬ್ರೇಕಮ್ಮ. "ಕ್ಲಚ್ ತುಳಿ ಅಂದ್ರೆ ಇರುವೆಗೆ ನೋವಾಗುತ್ತೇನೋ ಅನ್ನೋ ಹಾಗೆ ತುಳೀತೀಯಲ್ಲೋ!" ಎಂದು ಬ್ಯಾಂಕಿನ ಮ್ಯಾನೇಜರನನ್ನೂ ಏಕವಚನದಲ್ಲಿ ಗದರುತ್ತಾಳೆ. ಕಲಿಯಲು ಬಂದವರು ಮೊದಲ ವಾರ ಅಳುತ್ತಾರೆ, ಎರಡನೇ ವಾರ ಕಾರು ಓಡಿಸುತ್ತಾರೆ. ಯಾರೂ ಹಣ ವಾಪಸ್ಸು ಕೇಳಿದ್ದಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇಲ್ಲ.

ಈ ಹೆಂಗಸು ಇಪ್ಪತ್ತರ ಹರೆಯದಲ್ಲಿ ರಾಕ್ ಬ್ಯಾಂಡ್ ಒಂದರಲ್ಲಿ ಹಾಡುತ್ತಿದ್ದಳು ಎಂದರೆ ಅವಳ ಶಿಷ್ಯರು ನಂಬುವುದಿಲ್ಲ. ನಂಬಿದವರು, ಪಾಪ, ಮೈಕಿನ ಗತಿಯೇನು ಎಂದು ಕೇಳುತ್ತಾರೆ.

ನಾಲ್ಕೇ ಜನರ ಬ್ಯಾಂಡು. ಹಾಡುವವಳು ಇವಳು. ಗಿಟಾರಿಗೆ ಕಡ್ಡಿ, ಬೇಸ್ ಗಿಟಾರಿಗೆ ಗುಂಡ; ಹೆಸರೇ ಆಕಾರವನ್ನು ಹೇಳುತ್ತದೆ. ಡ್ರಮ್ಸಿಗೆ ಅವಳ ಸ್ವಂತ ತಮ್ಮ. ಮೀಸೆ ಕೂಡ ಸರಿಯಾಗಿ ಮೂಡದ ಆ ಹುಡುಗ ಕೋಲು ಹಿಡಿದು ಕೂತನೆಂದರೆ, ಗಲಾಟೆ ನಿಲ್ಲಿಸಿ ಎಂದು ಬೈಯಲು ಬಂದ ನೆರೆಮನೆಯವರು ಬೈಯುವುದನ್ನು ಮರೆತು ಬಾಗಿಲಲ್ಲೇ ನಿಂತು ಕಾಲು ಕುಣಿಸುತ್ತಿದ್ದರು. ಹಾಡುಗಳೆಲ್ಲ ಶುದ್ಧ ಜಗಳ. ಬಾಡಿಗೆ ಏರಿಸಿದ ಮಾಲೀಕನ ಮೇಲೊಂದು, ನಿಲ್ಲಿಸದೆ ಹೋದ ಬಸ್ಸಿನ ಮೇಲೊಂದು, ರಜೆ ಕೊಡದ ಮೇಸ್ತ್ರಿಯ ಮೇಲೊಂದು. ಒಟ್ಟು ಎಂಟು ಜಗಳ ಸೇರಿಸಿ ಒಂದು ಕ್ಯಾಸೆಟ್ ಮಾಡಿದರು. ಅದೇ ಅವರ ಮೊದಲನೆಯದು, ಕೊನೆಯದೂ ಅದೇ.

ರೆಕಾರ್ಡಿಂಗ್ ಸ್ಟುಡಿಯೋ ಎಂದರೆ ಮರಗೆಲಸದ ಅಂಗಡಿಯ ಹಿಂದಿನ ಒಂದು ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು. ಮೂಗಿನ ತುಂಬ ಮರದ ಪುಡಿ. ಆ ಊರಿನ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕರೆಂಟಿಗೇ ಗೊತ್ತಿರಲಿಲ್ಲ. "ಅದನ್ನ ನಂಬ್ಕೊಂಡ್ರೆ ಹಾಡು ಅರ್ಧಕ್ಕೇ ನಿಲ್ಲುತ್ತೆ" ಎಂದು ಸ್ಟುಡಿಯೋದವನು ಎಲ್ಲ ರೆಕಾರ್ಡಿಂಗನ್ನೂ ಹಿತ್ತಲಿನ ಡೀಸೆಲ್ ಜನರೇಟರ್ ಮೇಲೆಯೇ ನಡೆಸುತ್ತಿದ್ದ. ಗಿಟಾರಿನ ದನಿ ಏರಿಸುವ ದೊಡ್ಡ ಪೆಟ್ಟಿಗೆಗಳನ್ನು ಹಚ್ಚಿದೊಡನೆ ಕೋಣೆಯ ಬಲ್ಬು ಮಂಕಾಯಿತು. "ಎತ್ತಯ್ಯಾ ಇನ್ನೊಂಚೂರು!" ಎಂದು ಅವನು ಕಿಟಕಿಯಿಂದ ಕೂಗಿದ. ಜನರೇಟರಿನವನು ವೇಗ ಏರಿಸಿದ. ಬಲ್ಬು ಫಳಫಳ ಹೊಳೆಯಿತು. ಸರಿ, ಶುರುಮಾಡಿ ಎಂದ, ಇವರು ಶುರುಮಾಡಿದರು.

ಟೇಪು ಬೇರೆ ಊರಿಗೆ ಹೋಗಿ, ಅಲ್ಲಿ ಕ್ಯಾಸೆಟ್ಟುಗಳಾಗಿ, ಡಬ್ಬದಲ್ಲಿ ವಾಪಸ್ಸು ಬಂತು. ನಾಲ್ಕೂ ಜನ ಕಡ್ಡಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಲು ಕೂತರು. ಮೊದಲ ಹಾಡು ಮುಗಿಯುವ ಹೊತ್ತಿಗೆ ಯಾರ ಮುಖದಲ್ಲೂ ರಕ್ತವಿರಲಿಲ್ಲ. ಜಗಳ ಆಡಬೇಕಾಗಿದ್ದ ಹಾಡು ಜ್ವರ ಬಂದವರ ಹಾಗೆ ಗೋಡೆ ಹಿಡಿದುಕೊಂಡು ನಡೆಯುತ್ತಿತ್ತು. ಅವಳ ದನಿಯೋ, ಯಾವಳೋ ದಪ್ಪ ಗಂಟಲಿನ ಹೆಂಗಸು ನಿದ್ದೆಯಲ್ಲಿ ಗೊಣಗಿದ ಹಾಗಿತ್ತು. "ಇದು ನನ್ನ ದನಿ ಅಲ್ಲ" ಎಂದಳು. "ತನ್ನ ದನಿ ತನಗೆ ಹಾಗೇ ಕೇಳೋದು, ಎಲ್ಲರಿಗೂ ಹಾಗೇ" ಎಂದ ಗುಂಡ. ಅದೂ ನಿಜವೇ ಆಗಿದ್ದರಿಂದ ಸುಮ್ಮನಾದಳು.

ಆ ವಾರ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂತು. ಹಾಡುಗಾರ್ತಿಗೆ ಆಕಳಿಕೆ ಬಂದಿದೆ, ಡ್ರಮ್ ಬಾರಿಸುವವನು ಆಗಲೇ ಮಲಗಿದ್ದಾನೆ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಮೊದಲ ಹಾಡಿನಾಚೆ ಅವನು ಕೇಳಿದ್ದನೋ ಇಲ್ಲವೋ ದೇವರೇ ಬಲ್ಲ. ಒಂದು ವರ್ಷದ ಬೆವರನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುವ ಇಂಥವರ ಬೆರಳು ಸೆಟೆದುಹೋಗಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ಯಾಂಡಿನವರ ಕೋಪ ಅವನ ಮೇಲೆ ತಿರುಗಲಿಲ್ಲ. ತಾಳ ಹಿಡಿಯುವವನು ನಿಧಾನಕ್ಕೆ ಎಳೆದರೆ ಎಲ್ಲರೂ ಎಳೆಯಲೇಬೇಕು ಎಂದ ಕಡ್ಡಿ. ಹೌದು ಹೌದು ಎಂದ ಗುಂಡ. ತಪ್ಪನ್ನು ತಮ್ಮನ ತಲೆಗೆ ಕಟ್ಟಿ ಇಬ್ಬರೂ ಕೈ ತೊಳೆದುಕೊಂಡರು.

ಹುಡುಗ ಅಕ್ಕನ ಮುಖ ನೋಡಿದ. "ನಾನು ಎಳೀಲಿಲ್ಲ ಅಕ್ಕಾ."

"ಹಾಗಾದ್ರೆ ಟೇಪ್ ಸುಳ್ಳು ಹೇಳುತ್ತಾ?" ಎಂದಳು ಅವಳು.

ಅವನು ಕೋಲುಗಳನ್ನು ಅಲ್ಲೇ ನೆಲದ ಮೇಲೆ ಇಟ್ಟು ಹೋದ. ಬ್ಯಾಂಡ್ ಒಡೆಯಿತು. ಕಡ್ಡಿ ಯಾವುದೋ ದೇಶಕ್ಕೆ ಹಡಗು ಹತ್ತಿದ, ಗುಂಡ ಕೆಲವು ವರ್ಷಗಳ ಮೇಲೆ ತೀರಿಕೊಂಡ. ತಮ್ಮನೋ, ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿ, ಕಾಲಕ್ರಮೇಣ ಅದೇ ಅಂಗಡಿಯ ಯಜಮಾನನಾದ. ಮದುವೆಯಾದ, ಮಕ್ಕಳಾದರು. ಆದರೆ ಎಲ್ಲಾದರೂ ಹಾಡು ಹಾಕಿದರೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಸುಮ್ಮನೆ ಕೂತಾಗ ಮೇಜಿನ ಮೇಲೆ ಬೆರಳು ಕೂಡ ಆಡಿಸುತ್ತಿರಲಿಲ್ಲ.

ಮನೆಯವರಾದರೂ ಬಿಟ್ಟರೇ? ಅವನು ಊಟಕ್ಕೆ ಒಂದು ನಿಮಿಷ ತಡವಾಗಿ ಬಂದರೆ "ಬಂತಪ್ಪಾ ಡ್ರಮ್ಮು" ಎಂದು ಅಪ್ಪ ನಗುತ್ತಿದ್ದ. ಬಸ್ಸು ತಪ್ಪಿದರೆ ಅದೇ ಮಾತು, ಪರೀಕ್ಷೆಯಲ್ಲಿ ಮಗ ಹಿಂದೆ ಬಿದ್ದರೆ "ಅಪ್ಪನ ಹಾಗೇ" ಎಂಬ ಮಾತು. ಅವನ ಹೆಂಡತಿ ಕೂಡ, ಒಳ್ಳೆಯ ಹೆಂಗಸೇ, ನಾಲ್ಕು ಜನರೆದುರು "ಇವರದ್ದು ಎಲ್ಲಾ ನಿಧಾನ, ಅದಕ್ಕೇ ಅಲ್ವಾ ಅಕ್ಕನ ಬ್ಯಾಂಡ್ ಮುಳುಗಿದ್ದು" ಎಂದು ಬಿಡುತ್ತಿದ್ದಳು. ಅವನೂ ನಕ್ಕುಬಿಡುತ್ತಿದ್ದ. ಎಲ್ಲರಿಗಿಂತ ಹೆಚ್ಚು ಸಲ ಈ ಕಥೆಯನ್ನು ಹೇಳಿದವಳು ಬ್ರೇಕಮ್ಮನೇ. ಹಾಡುಗಾರ್ತಿಯಾಗಬೇಕಿದ್ದವಳು ಬಿಸಿಲಲ್ಲಿ ಕೂತು ಇನ್ನೊಬ್ಬರ ಗೇರು ಬದಲಿಸುತ್ತಿದ್ದೇನೆ ಎಂಬ ಉರಿ ಎದ್ದಾಗಲೆಲ್ಲ ಅವಳಿಗೆ ತಮ್ಮನ ಮುಖವೇ ಕಣ್ಣೆದುರು ಬರುತ್ತಿತ್ತು. ನಲವತ್ತು ವರ್ಷ ಅವನನ್ನು ಮನೆಗೆ ಕರೆದಳು, ಅವನ ಮಕ್ಕಳನ್ನು ಎತ್ತಿ ಆಡಿಸಿದಳು, ಕ್ಷಮಿಸಲಿಲ್ಲ ಮಾತ್ರ.

ಹೀಗಿರುವಾಗ ರೇಡಿಯೋದವನೊಬ್ಬ ಅವಳನ್ನು ಹುಡುಕಿಕೊಂಡು ಬಂದ.

ಅವನದು ವಾರಕ್ಕೊಮ್ಮೆ ಬರುವ ಕಾರ್ಯಕ್ರಮ. ಹೊರಬಂದ ಕಾಲಕ್ಕೆ ಯಾರೂ ಕಿವಿಗೊಡದೆ ಮೂಲೆಗುಂಪಾದ ರಾಕ್ ಆಲ್ಬಮ್ಮುಗಳನ್ನು ಧೂಳು ಕೊಡವಿ ಇನ್ನೊಮ್ಮೆ ಕೇಳಿಸುವುದು ಅವನ ಕಸುಬು. ಒಳ್ಳೆಯ ಕೆಲಸವೇ, ಅಲ್ಲವೆನ್ನುವಂತಿಲ್ಲ. ಟೈರಿನ ಗೋದಾಮಿನಲ್ಲಿ ಮೂವರು ಕೆಲಸಗಾರರು ಊಟದ ಬಿಡುವಿನಲ್ಲಿ ಮಾಡಿದ ಆಲ್ಬಮ್ಮೊಂದನ್ನು ಹಾಕಿದ್ದ. ಅದರ ಗಿಟಾರು ಕೇಳಿದವರು ಬೆಚ್ಚಿಬಿದ್ದಿದ್ದರು. ಮುಖಪುಟದ ಚಿತ್ರ ಕೆಟ್ಟದಾಗಿತ್ತೆಂಬ ಒಂದೇ ಕಾರಣಕ್ಕೆ ಅಂಗಡಿಯವರು ಕಪಾಟಿನ ಹಿಂದಕ್ಕೆ ತಳ್ಳಿದ ಆಲ್ಬಮ್ಮೊಂದನ್ನು ಹಾಕಿದ್ದ. ಅದೇ ದಿನ ಹೆಸರುವಾಸಿ ಬ್ಯಾಂಡಿನದೂ ಬಿಡುಗಡೆಯಾದ ಪಾಪಕ್ಕೆ ಸತ್ತುಹೋದ ಇನ್ನೊಂದನ್ನೂ ಹಾಕಿದ್ದ. ಮನುಷ್ಯರು ಒಂದು ಹಣ್ಣನ್ನು ಕೊಳ್ಳುವಾಗ ಹತ್ತು ಸಲ ಒತ್ತಿ ನೋಡುತ್ತಾರೆ. ಹಾಡಿಗೆ ಮಾತ್ರ ಒಂದು ಸಲಕ್ಕಿಂತ ಹೆಚ್ಚು ಕಿವಿ ಕೊಡಲು ಅವರಿಗೆ ಏನು ಧಾಡಿ?

ಈ ವಾರದ ಸರದಿ ಇವರ ಕ್ಯಾಸೆಟ್ಟಿನದು. ರೇಡಿಯೋದವನು ಹಳೆಯ ಸಾಮಾನಿನ ಅಂಗಡಿಯಲ್ಲಿ ಅದನ್ನು ಕಂಡು, ಕೇಳಿ, ಮರುಳಾಗಿದ್ದನಂತೆ. "ಬಂದು ನಾಲ್ಕು ಮಾತಾಡಿ ಮೇಡಂ" ಎಂದು ಕೇಳಿಕೊಂಡ. "ಬರ್ತೀನಿ, ಬಂದು ಅದು ಹೇಗೆ ಹಾಳಾಯ್ತು ಅಂತ ಹೇಳ್ತೀನಿ" ಎಂದಳು. ಅವಳ ಮನಸ್ಸಿನಲ್ಲಿದ್ದದ್ದೂ ಅಷ್ಟೇ. ನಲವತ್ತು ವರ್ಷದಿಂದ ಅಡುಗೆಮನೆಯಲ್ಲಿ ಹೇಳಿದ್ದನ್ನು ಈ ಸಲ ಮೈಕಿನಲ್ಲಿ ಹೇಳಿ ಮುಗಿಸುವುದು.

ರೇಡಿಯೋ ಕೇಂದ್ರದ ಕೋಣೆ ತಣ್ಣಗಿತ್ತು. ನಡುವೆ ದೊಡ್ಡ ಗಾಜು. ಆಚೆ ಯಂತ್ರದ ಮುಂದೆ ಒಬ್ಬ ಹೆಂಗಸು. ಅಂದಿನ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಪ್ರಸಾರ ಮಾಡುವುದೆಂದು ಮೊದಲೇ ಹೇಳಿದ್ದರು. ರೇಡಿಯೋದವನು ಮೈಕಿಗೆ ಬಾಯಿ ಹಚ್ಚಿ ಹೊಗಳಲು ಶುರುಮಾಡಿದ. "ಎಂಥ ನಿಧಾನ! ಎಂಥ ಭಾರ! ಸೋತು ಸುಣ್ಣವಾದ ಜನರ ನಿಟ್ಟುಸಿರು ಇದು..."

"ನಿಟ್ಟುಸಿರಲ್ಲ ರೀ, ಬೈಗುಳ" ಎಂದಳು.

ಅವನು ನಕ್ಕು ಮುಂದುವರಿಸಿದ. "ಇನ್ನೊಂದು ವಿಶೇಷ ಮೇಡಂ. ನಮ್ಮ ಗೆಳೆಯರು ಗಿಟಾರ್ ಹಿಡಿದು ನಿಮ್ಮ ಆಲ್ಬಮ್ ಜೊತೆ ನುಡಿಸಿ ನೋಡಿದ್ರು. ನಿಮ್ಮ ಶ್ರುತಿ ಸುಮಾರು ಅರ್ಧ ಸ್ವರ ಕೆಳಗಿದೆ. ಗಿಟಾರ್ ತಂತಿಗಳನ್ನ ಬೇಕಂತಲೇ ಸಡಿಲ ಮಾಡಿ, ಆ ಕತ್ತಲೆ ಬಣ್ಣ ತಂದಿದ್ದೀರಿ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ."

"ಯಾವ ಸಡಿಲವೂ ಇಲ್ಲ, ಯಾವ ಧೈರ್ಯವೂ ಇಲ್ಲ. ಕಡ್ಡಿ ತನ್ನ ಮೌತಾರ್ಗನ್ ಊದಿ, ಅದಕ್ಕೆ ಸರಿಯಾಗಿ ತಂತಿ ಬಿಗೀತಿದ್ದ. ದಿನಾ ನೋಡಿದ್ದೀನಿ."

"ಮೌತಾರ್ಗನ್ ಅಂದ್ರೆ ಕೊನೇ ಹಾಡಲ್ಲಿ ಬರುತ್ತಲ್ಲ, ಅದಾ?" ಎಂದು ಅವನು ಗಾಜಿನಾಚೆಗೆ ಸನ್ನೆ ಮಾಡಿದ. ಕೊನೆಯ ಹಾಡು ಹೆಡ್‌ಫೋನಿನಲ್ಲಿ ಶುರುವಾಯಿತು.

ಆ ಹಾಡನ್ನು ಅವಳು ಅಂದು ಕಡ್ಡಿಯ ಮನೆಯಲ್ಲಿ ಕೇಳಿದ್ದು ಒಂದೇ ಒಂದು ಸಲ, ಅದೂ ಅಳುತ್ತ. ಆಮೇಲೆ ಕ್ಯಾಸೆಟ್ಟನ್ನು ಮುಟ್ಟಿರಲಿಲ್ಲ. ಈಗ ಮೌತಾರ್ಗನ್ ಬಂತು. ಅದರ ದನಿಯೂ ಕೆಳಗಿತ್ತು, ಗಿಟಾರು ಎಷ್ಟು ಕೆಳಗಿತ್ತೋ ಅಷ್ಟೇ ಕೆಳಗೆ.

ಬ್ರೇಕಮ್ಮ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟಳು. "ನಿಲ್ಲಿಸಿ. ಗಿಟಾರ್ ತಂತಿ ಸಡಿಲ ಮಾಡಬಹುದು, ಒಪ್ಪಿದೆ. ಮೌತಾರ್ಗನ್‌ಗೆ ತಿರುಗಿಸೋಕೆ ಬಿರಡೆ ಎಲ್ಲಿದೆ ರೀ? ಅದು ಹುಟ್ಟಿದ ಸ್ವರದಲ್ಲೇ ಸಾಯುತ್ತೆ. ಅದು ಹೇಗೆ ಕೆಳಗೆ ಬಂತು?"

ಗಾಜಿನಾಚೆಯ ಹೆಂಗಸಿನ ದನಿ ಕೋಣೆಯ ಸ್ಪೀಕರಿನಲ್ಲಿ ಬಂತು: "ಹಾಗಾದ್ರೆ ಟೇಪಿನ ವೇಗದಲ್ಲೇ ತಪ್ಪಾಗಿದೆ ಮೇಡಂ. ರೆಕಾರ್ಡ್ ಮಾಡುವಾಗ ಯಂತ್ರ ಜೋರಾಗಿ ಓಡಿದ್ರೆ, ಬೇರೆ ಕಡೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲಾ ನಿಧಾನ ಆಗುತ್ತೆ, ಸ್ವರಾನೂ ಇಳಿಯುತ್ತೆ. ಆ ಕಾಲದ ಮೋಟಾರು ಕರೆಂಟು ಹೇಗೆ ಬರುತ್ತೋ ಹಾಗೆ ಓಡ್ತಿತ್ತು."

ಜನರೇಟರು. ಕಿಟಕಿಯಿಂದ ಕೂಗಿದ ಸ್ಟುಡಿಯೋದವನು. ಫಳಫಳ ಹೊಳೆದ ಬಲ್ಬು.

"ಆ ಮೌತಾರ್ಗನ್ ಸರಿ ಸ್ವರಕ್ಕೆ ಬರೋವರೆಗೂ ವೇಗ ಏರಿಸಿ" ಎಂದಳು. "ಏರಿಸಿ ಅಂದೆ!"

ಏರಿಸಿದರು. ಮೊದಲ ಹಾಡಿನಿಂದ ಹಾಕಿದರು. ಅವಳ ದನಿ ಅವಳಿಗೆ ಸಿಕ್ಕಿತು, ಚೂಪಾದ, ಕೀರಲು, ಬಾಡಿಗೆ ಮಾಲೀಕನ ಕಿವಿ ತೂತು ಮಾಡುವಂಥ ದನಿ. ಆದರೆ ಅವಳು ಅದನ್ನು ಕೇಳುತ್ತಿರಲಿಲ್ಲ. ಅದರ ಹಿಂದೆ ಡ್ರಮ್ಮು ಓಡುತ್ತಿತ್ತು. ಎಲ್ಲೂ ತಡವರಿಸದೆ, ಎಲ್ಲೂ ಮುಗ್ಗರಿಸದೆ, ಉಳಿದ ಮೂವರನ್ನೂ ಕುತ್ತಿಗೆಪಟ್ಟಿ ಹಿಡಿದು ಎಳೆದೊಯ್ಯುತ್ತ ಓಡುತ್ತಿತ್ತು. ಅವಳಿಗೆ ಅಳು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ರೇಡಿಯೋದವನು ಗಂಟಲು ಸರಿಮಾಡಿಕೊಂಡ. "ಕುತೂಹಲಕಾರಿ. ಆದ್ರೆ ನನ್ನನ್ನ ಕೇಳಿದ್ರೆ ಆ ನಿಧಾನದಲ್ಲೇ ಒಂದು ಸೊಗಸಿತ್ತು ಮೇಡಂ. ಪ್ರಸಾರಕ್ಕೆ ಅದನ್ನೇ ಇಟ್ಕೊಂಡು, ಕೊನೇಲಿ ಈ ಕಥೆ ಹೇಳೋಣ. ತಪ್ಪಿನಿಂದಲೇ ಒಂದು ಕಲೆ ಹುಟ್ಟಿತು ಅಂತ."

"ನನ್ನ ತಮ್ಮನ ಬಾಳು ನಿಮಗೆ ಕಲೆ ಆಯ್ತಾ?" ಅವಳು ಎದ್ದು ನಿಂತಳು. "ಆವತ್ತು ಒಬ್ಬ ಕೇಳದೇನೇ ಬೈದ. ಈಗ ನೀವು ಕೇಳಿಯೂ ಸುಳ್ಳನ್ನೇ ಹೊಗಳ್ತೀರಿ. ಅವನಿಗೂ ನಿಮಗೂ ಏನ್ರೀ ವ್ಯತ್ಯಾಸ? ನಿಮಗೆ ನಿದ್ದೆ ಬರೋ ಹಾಡು ಬೇಕಿದ್ರೆ ಬೇರೆಯವರ ಮನೆಗೆ ಹೋಗಿ!"

"ಮೇಡಂ, ನಾನು ನಿಮ್ಮ ಆಲ್ಬಮ್ ಮೇಲಿನ ಪ್ರೀತಿಯಿಂದ—"

"ಹಾಳಾಗಿ ಹೋಗಲಿ ನಿಮ್ಮ ಪ್ರೀತಿ!"

ಗಾಜಿನಾಚೆಯ ಹೆಂಗಸು ಸರಿಮಾಡಿದ ಹಾಡುಗಳನ್ನು ಅವಳ ಫೋನಿಗೆ ಕಳಿಸಿಕೊಟ್ಟಳು.

ತಮ್ಮನ ಅಂಗಡಿಗೆ ಬಂದಾಗ ಅವನು ಒಳಗೆ ಗಾಜಿನ ಅಂಚು ಉಜ್ಜುತ್ತಿದ್ದ. ಹೊರಗೆ ಕುರ್ಚಿಯಲ್ಲಿ ಒಬ್ಬರು ಕಾಯುತ್ತಿದ್ದರು.

"ಬಾ, ಕಾರಲ್ಲಿ ಕೂತ್ಕೋ" ಎಂದಳು.

"ಗಿರಾಕಿ ಇದ್ದಾರೆ ಅಕ್ಕಾ."

"ಕಣ್ಣು ಕಾಣಲ್ಲ ಅಂತ ತಾನೇ ಅವರು ನಿನ್ನ ಹತ್ರ ಬಂದಿರೋದು? ನೀನು ಎದ್ದು ಹೋಗಿದ್ದು ಅವರಿಗೆ ಗೊತ್ತೂ ಆಗಲ್ಲ. ಬಾ ಅಂದ್ರೆ ಬಾ."

ಕೂತವರು ಪಾಪ ನಕ್ಕರು. ತಮ್ಮ, ಕೈಯಲ್ಲಿದ್ದ ಬಟ್ಟೆಯ ಸಮೇತ, ಬಂದು ಕಾರಿನಲ್ಲಿ ಕೂತ. ಕಾರಿನ ಸ್ಪೀಕರಿನಲ್ಲಿ ಮೊದಲ ಹಾಡು ಶುರುವಾದೊಡನೆ ಅವನ ಕೈ ಬಾಗಿಲ ಹಿಡಿಗೆ ಹೋಯಿತು. ಅವಳು ಅವನ ತೋಳು ಹಿಡಿದಳು. "ಇದೊಂದು ಸಲ. ಆಮೇಲೆ ನನ್ನ ಮುಖ ನೋಡಬೇಡ ಬೇಕಿದ್ರೆ."

ಅವನು ಕೂತ. ಹಾಡು ನಡೆಯುತ್ತಿರುವಾಗಲೇ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬಲ್ಬು, ಜನರೇಟರು, ಬೇರೆ ಊರಿನ ಕರೆಂಟು, ಮೌತಾರ್ಗನ್. ಮಾತಿನ ಮೇಲೆ ಮಾತು ಬಿದ್ದು ಅರ್ಧ ಅರ್ಥವಾಗುವಂತಿರಲಿಲ್ಲ. "ನೀನು ಎಳೀಲಿಲ್ಲ ಕಣೋ! ನಿನ್ನದು ಎಳ್ಳಷ್ಟೂ ತಪ್ಪಿಲ್ಲ. ಪುರಾವೆ ಸಿಕ್ಕಿತು. ಎಲ್ಲರ ಮುಖಕ್ಕೂ ಹೊಡೆದ ಹಾಗೆ ಹೇಳ್ತೀನಿ, ನಿನ್ನ ಹೆಂಡತಿಗೂ ಹೇಳ್ತೀನಿ. ಆ ಪೇಪರಿನವನು ಬದುಕಿದ್ರೆ ಅವನ ಮನೆ ಬಾಗಿಲಿಗೆ ಹೋಗಿ ಹೇಳ್ತೀನಿ!"

ಮೂರು ಹಾಡು ಮುಗಿದವು. ಅವನ ಕಣ್ಣು ತೇವವಾಗುತ್ತದೆ ಎಂದು ಅವಳು ಕಾದಳು. ಅವನು ಕೈ ಚಾಚಿ ಹಾಡು ನಿಲ್ಲಿಸಿದ.

"ಅಕ್ಕಾ, ರೆಕಾರ್ಡಿಂಗ್ ದಿನ ನೀನು ಎಲ್ಲಿ ನಿಂತಿದ್ದೆ?"

"ಎಲ್ಲಿ ಅಂದ್ರೆ? ನಿನ್ನ ಮುಂದೆ."

"ಎಷ್ಟು ದೂರದಲ್ಲಿ?"

"ಕೈ ಚಾಚಿದ್ರೆ ಸಿಗೋಷ್ಟು. ಯಾಕೆ?"

"ಈ ಮೂರನೇ ಹಾಡು ಮುಗಿದಾಗ ನಿನಗೆ ಉಸಿರು ಸಿಗ್ತಾ ಇರಲಿಲ್ಲ. ಗೋಡೆಗೆ ಒರಗಿಕೊಂಡು ನನ್ನನ್ನ ಬೈದೆ. ನಾಯಿ ಅಟ್ಟಿಸ್ಕೊಂಡು ಬರ್ತಿದೆಯೇನೋ, ಸ್ವಲ್ಪ ಮೆಲ್ಲಗೆ ಬಾರಿಸೋ, ಸಾಯಿಸ್ತೀಯ ನನ್ನ ಅಂದೆ. ನೆನಪಿದೆಯಾ?"

ನೆನಪಿತ್ತು. ಬೆನ್ನಿಗೆ ಒತ್ತಿದ ಹಳೆಯ ಹಾಸಿಗೆ, ಗಂಟಲಿಗೆ ಹೋದ ಮರದ ಪುಡಿ, ಎದುರಿಗೆ ಬೆವರು ಸುರಿಸುತ್ತ ಹಲ್ಲು ಬಿಡುತ್ತಿದ್ದ ಹುಡುಗ, ಎಲ್ಲವೂ ನೆನಪಾಯಿತು. ಇಷ್ಟು ವರ್ಷ ಅದು ಎಲ್ಲಿ ಅಡಗಿತ್ತು ಎಂದು ಅವಳಿಗೇ ತಿಳಿಯಲಿಲ್ಲ.

"ಪೇಪರಿನವನು ಅಲ್ಲಿರಲಿಲ್ಲ" ಎಂದ ತಮ್ಮ. ಅವನು ದನಿ ಎತ್ತಿದ್ದನ್ನು ಅವಳು ಕಂಡಿರಲಿಲ್ಲ, ಈಗ ಎತ್ತಿದ. "ಅಪ್ಪ ಇರಲಿಲ್ಲ. ನನ್ನ ಹೆಂಡತಿ ಅಂತೂ ಆಗ ನನಗೆ ಗೊತ್ತೂ ಇರಲಿಲ್ಲ. ಕಡ್ಡಿ, ಗುಂಡ, ಬಿಡು, ಅವರು ಹೊರಗಿನವರು. ನೀನಿದ್ದೆ. ನಿನ್ನ ಉಸಿರು ಕಟ್ಟಿದ್ದು ನಿನಗೆ ಗೊತ್ತಿತ್ತು. ನಿನ್ನ ಉಸಿರನ್ನೇ ನಂಬದೆ ಕ್ಯಾಸೆಟ್ಟನ್ನ ನಂಬಿದೆ. ಈಗ ಮೌತಾರ್ಗನ್ ಹೇಳಿತು ಅಂತ ಪುರಾವೆ ಹಿಡ್ಕೊಂಡು ಬಂದಿದ್ದೀಯ! ನಾನು ಬಾಯಿಬಿಟ್ಟು ಹೇಳಿದ್ದು ಏನಾಯ್ತು?"

ಊರಿಗೆಲ್ಲ ಗದರುವವಳು ಹಾಡಿನ ಗುಂಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ "ಇನ್ನೊಂದು ಸಲ ಹಾಕ್ಲಾ?" ಎಂದಳು.

ಅವನು ಬಾಗಿಲು ತೆರೆದು ಇಳಿದ.

"ನನಗ್ಯಾಕೆ? ನಾನು ಆವತ್ತೇ ಕೇಳಿದ್ದೆ. ಇನ್ನೊಂದು ಸಲ ಕೇಳಬೇಕಾಗಿರೋದು ನೀನು."

ಬಾಗಿಲು ಹಾಕಿ ಅವನು ಅಂಗಡಿಯೊಳಗೆ ಹೋದ. ಗಾಜು ಉಜ್ಜುವ ಯಂತ್ರದ ಸದ್ದು ಮತ್ತೆ ಶುರುವಾಯಿತು. ಅವಳು ಕಾರಿನ ಕಿಟಕಿ ಏರಿಸಿ, ಮೊದಲ ಹಾಡಿನಿಂದ ಹಾಕಿದಳು.